ಟ್ರ್ಯಾಕ್ಟರ್ ಮನೇಲಿದೆ: ಟ್ರೈಲರ್ ತಗೊಳ್ಳೋದಾ, ಸೆಕೆಂಡ್ ಹ್ಯಾಂಡ್ ಟಾಟಾ ಏಸ್ ತಗೊಳ್ಳೋದಾ?

ಶಿಂಷಾ ದಂಡೆ

ಎಲ್ಲರಿಗೂ ನಮಸ್ಕಾರ. ಊರು ಮದ್ದೂರಿಂದ 9 ಕಿ.ಮೀ. ಒಳಗಡೆ. 42 ಎಚ್‌ಪಿ ಟ್ರ್ಯಾಕ್ಟರ್ ಇದೆ, ಟ್ರೈಲರ್ ಇಲ್ಲ. ಸಾಗಿಸಬೇಕಾಗಿರೋದು ಇಷ್ಟು: ಒಂದೊಂದು ಕೊಯ್ಲಿಗೆ 850ರಷ್ಟು ಎಳನೀರು ಮದ್ದೂರು ಮಾರ್ಕೆಟ್‌ಗೆ, ಬೆಳೆ ಬೆಳೆಗೂ 140–150 ಕೆಜಿ ರೇಷ್ಮೆ ಗೂಡು ರಾಮನಗರಕ್ಕೆ, ನಮ್ಮಲ್ಲಿಂದ ಸುಮಾರು 40 ಕಿ.ಮೀ.; ವರ್ಷಕ್ಕೆ ಎರಡು ಸಲ ಕೊಟ್ಟಿಗೆ ಗೊಬ್ಬರ, ಆಗಾಗ ಹುಲ್ಲು.

ಎರಡು ಕಣ್ಣಿಗೆ ಬಿದ್ದಿವೆ. ಒಂದು 10 ಅಡಿಗೆ 6 ಅಡಿಯ ಎರಡು ಚಕ್ರದ ಟಿಪ್ಪಿಂಗ್ ಟ್ರೈಲರ್ (ತೊಟ್ಟಿ ಎತ್ತಿ ಸುರಿಯೋದು), ಹಳೇದು. ಇನ್ನೊಂದು 2016ರ ಟಾಟಾ ಏಸ್ ಡೀಸೆಲ್, ಹೈಡೆಕ್ (ಎತ್ತರದ ತೊಟ್ಟಿಯದು). ಎರಡನ್ನೂ ತಗೊಳ್ಳೋಷ್ಟು ದುಡ್ಡಿಲ್ಲ. ಯಾವುದು ಸರಿ, ನೋಡೋಕೆ ಹೋದಾಗ ಏನೇನು ಪರೀಕ್ಷೆ ಮಾಡಬೇಕು, ತಿಳಿದೋರು ಹೇಳಿ.

ಲೋಡ್ ಲೆಕ್ಕ

ಗಾಡಿಯ ರೇಟು ಆಮೇಲೆ ನೋಡೋಣ ಸರ್, ಮೊದಲು ತೂಕ ಹಿಡಿಯಿರಿ. ಒಂದು ಎಳನೀರಿಗೆ ಸರಾಸರಿ 2 ಕೆಜಿ ಅಂದ್ರೂ 850ಕ್ಕೆ 1,700 ಕೆಜಿ. ಏಸ್‌ಗೆ ಕಂಪನಿ ಹೇಳಿರೋ ಲೋಡು 750 ಕೆಜಿ, ಅಂದ್ರೆ 375 ಕಾಯಿ. ನಿಮ್ಮ ಕೊಯ್ಲು ಎರಡು ಟ್ರಿಪ್‌ಗೆ ಮುಗಿಯಲ್ಲ, ಮೂರನೇದು ಹೊಡೀಲೇಬೇಕು. ಹೈಡೆಕ್ ಇದೆ ಅಂತ ಒಂದೂವರೆ ಟನ್ ತುಂಬೋರನ್ನ ಎಲ್ಲ ಕಡೆ ನೋಡ್ತೀವಿ. ಮೊದಲು ಸೀಳೋದು ಸ್ಪ್ರಿಂಗ್ ಹ್ಯಾಂಗರ್ ಹತ್ತಿರದ ಚಾಸಿ, ಆಮೇಲೆ ಟಯರ್. 12 ಇಂಚಿನ ಪುಟ್ಟ ಚಕ್ರ, ಅದರೊಳಗಿನ ಬ್ರೇಕೂ ಪುಟ್ಟದೇ. ದಂಡದ ವಿಷಯಕ್ಕೆ ಬಂದ್ರೆ, ಮೋಟಾರು ವಾಹನ ಕಾಯ್ದೆಯ 194ನೇ ಸೆಕ್ಷನ್ ಪ್ರಕಾರ ಓವರ್‌ಲೋಡ್‌ಗೆ 20,000 ರೂ., ಮೇಲೆ ಪ್ರತಿ ಹೆಚ್ಚುವರಿ ಟನ್‌ಗೆ 2,000.

ಟ್ರೈಲರ್‌ಗೆ 1,700 ಕೆಜಿ ಒಂದೇ ಟ್ರಿಪ್. ಡೀಸೆಲ್ ನೋಡಿ: ಲೋಡ್ ಎಳೆಯೋವಾಗ ನಿಮ್ಮ ಟ್ರ್ಯಾಕ್ಟರ್ ಗಂಟೆಗೆ 4–5 ಲೀಟರ್ ಕುಡಿಯುತ್ತೆ. 20 ಕಿ.ಮೀ. ವೇಗದಲ್ಲಿ ಮದ್ದೂರಿಗೆ ಹೋಗಿಬರೋದು ಒಂದು ಗಂಟೆಯ ಕೆಲಸ. ಏಸ್ ಮೂರು ಸಲ ಓಡಿದ್ರೆ 54 ಕಿ.ಮೀ., ಲೀಟರಿಗೆ 15 ಕೊಟ್ರೂ ಮೂರೂವರೆ ಲೀಟರ್. ಡೀಸೆಲ್ ಹೆಚ್ಚುಕಮ್ಮಿ ಒಂದೇ. ಆದ್ರೆ ಮೂರು ಸಲ ತುಂಬಿ ಮೂರು ಸಲ ಇಳಿಸೋ ಆಳಿನ ಕೂಲಿ ಇದೆಯಲ್ಲ, ಏಸ್ ಸೋಲೋದು ಅಲ್ಲೇ.

ರಾಮನಗರದ ಲೆಕ್ಕ ಪೂರ್ತಿ ಉಲ್ಟಾ. ಹೋಗಿಬರೋಕೆ 80 ಕಿ.ಮೀ.; ಟ್ರ್ಯಾಕ್ಟರ್‌ಗೆ ನಾಲ್ಕು ಗಂಟೆ, 16–20 ಲೀಟರ್; ಏಸ್‌ಗೆ 5 ಲೀಟರ್. ಜೊತೆಗೆ 2023ರ ಆಗಸ್ಟ್ 1ರಿಂದ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ ಟ್ರ್ಯಾಕ್ಟರ್ ಬಿಡಲ್ಲ, ಟ್ರೈಲರ್ ಇದ್ರೂ ಇಲ್ಲದಿದ್ರೂ. ಪೂರ್ತಿ ಸರ್ವಿಸ್ ರಸ್ತೆಯಲ್ಲೇ ಹೋಗಬೇಕು.

ಹಾಗಾಗಿ ನನ್ನ ಮಾತು: ಟ್ರೈಲರ್ ತಗೊಳ್ಳಿ, ಗೂಡಿಗೆ ಬಾಡಿಗೆ ಗಾಡಿ ಮಾಡಿ. 150 ಕೆಜಿಗೋಸ್ಕರ, ಅದೂ ಬೆಳೆಗೊಂದು ಸಲ, ಮನೆ ಮುಂದೆ ಏಸ್ ನಿಲ್ಲಿಸ್ಕೊಂಡ್ರೆ ನಿಂತ ದಿನಕ್ಕೂ ಇನ್ಶೂರೆನ್ಸ್ ಕಟ್ಟಬೇಕು. 8 ವರ್ಷ ದಾಟಿದ ಗೂಡ್ಸ್ ಗಾಡಿಗೆ ಪ್ರತಿ ವರ್ಷ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಬೇರೆ.

ಹಸಿರು ಸೊಪ್ಪು

ಅಣ್ಣಾ, ಲೋಡ್ ಲೆಕ್ಕದವರ ತೂಕದ ಲೆಕ್ಕ ಒಪ್ತೀನಿ, ತೀರ್ಮಾನ ಒಪ್ಪಲ್ಲ. ಗೂಡನ್ನ ತೂಕದ ಮೇಲೆ ಅಳೆಯೋಕಾಗಲ್ಲ. ಬಿಸಿಲಲ್ಲಿ ಬಿಗಿಯಾಗಿ ತುಂಬಿ ಹೋದ ಗೂಡು ಒಳಗೇ ಬೆವರುತ್ತೆ. ಒಳಗಿರೋ ಹುಳು ಸತ್ತು ಕಲೆ ಬಿದ್ರೆ, ಬಿಚ್ಚಾಣಿಕೆ (ಗೂಡಿಂದ ನೂಲು ಬಿಚ್ಚೋದು) ಚೆನ್ನಾಗಿ ಬರಲ್ಲ ಅಂತ ನೂಲು ತೆಗೆಯೋ ರೀಲರ್ ಹರಾಜಲ್ಲಿ ಕೈ ಹಿಂದಕ್ಕೆ ತಗೊಳ್ತಾನೆ. ಬೆಳಗಿನ ಜಾವದ ತಂಪಲ್ಲಿ ಹೊರಟು, ಹರಾಜಿಗೆ ಮುಂಚೆ ಮಾರ್ಕೆಟ್‌ನಲ್ಲಿ ಜಾಲರಿ ಮೇಲೆ ಹರಡಿರಬೇಕು. ಬಾಡಿಗೆ ಗಾಡಿಯವನು ಆ ಹೊತ್ತಿಗೆ ಬಂದೇ ಬರ್ತಾನೆ ಅನ್ನೋ ಖಾತ್ರಿ ಇದೆಯಾ ನೋಡ್ಕೊಳ್ಳಿ. ಇದ್ರೆ ಸರಿ, ಟ್ರೈಲರ್ ಸಾಕು. ಇಲ್ಲಾಂದ್ರೆ ಏಸ್ ಪರ ನನ್ನ ಓಟು.

ಯಾವ ಗಾಡಿ ಆದ್ರೂ ಗೂಡನ್ನ ಗೋಣಿಚೀಲಕ್ಕೆ ಅದುಮಬೇಡಿ. ಗಾಳಿಯಾಡೋ ನೆಟ್ ಚೀಲ ಇಲ್ಲವೇ ಪ್ಲಾಸ್ಟಿಕ್ ಕ್ರೇಟ್, ಅದೂ ಸಡಿಲವಾಗಿ. ಮಳೆ ಬಂತು ಅಂತ ಟಾರ್ಪಾಲ್ ಗೂಡಿನ ಮೇಲೇ ಹೊದಿಸಬೇಡಿ. ಕಮಾನು ಕಟ್ಟಿ ಅದರ ಮೇಲೆ ಎಳೀರಿ, ಹಿಂದುಗಡೆ ಗಾಳಿ ಹೋಗೋಕೆ ಒಂದಡಿ ಬಿಡಿ.

ಪಾನಾ 22

ಯಾವುದು ತಗೋಬೇಕು ಅನ್ನೋದು ನಿಮಗೆ ಬಿಟ್ಟಿದ್ದು. ನೋಡೋದು ಹೇಗೆ ಅಂತ ಹೇಳ್ತೀನಿ.

ಏಸ್ ನೋಡೋಕೆ ಬೆಳಗ್ಗೆ ಬೇಗ ಹೋಗಿ, ಸ್ಟಾರ್ಟ್ ಮಾಡಿರಬೇಡಿ ಅಂತ ಮೊದಲೇ ಹೇಳಿಡಿ. ಹೋದ ತಕ್ಷಣ ಸೈಲೆನ್ಸರ್ ಹತ್ತಿರ ಕೈ ಹಿಡೀರಿ. ಬೆಚ್ಚಗಿದ್ರೆ ಏನೋ ಮುಚ್ಚಿಡ್ತಿದಾರೆ ಅಂತ ಅರ್ಥ. ಸಂಜೆವರೆಗೂ ಆರೋಕೆ ಬಿಟ್ಟು ಮತ್ತೆ ಹೋಗಿ. ತಣ್ಣನೆ ಇಂಜಿನ್ ಸ್ಟಾರ್ಟ್ ಮಾಡಿ, ಕಾದ ಮೇಲೆ ಐಡಲ್‌ನಲ್ಲೇ ಬಿಟ್ಟು ಆಯಿಲ್ ಹಾಕೋ ಮುಚ್ಚಳ ತೆಗೀರಿ. ಸಣ್ಣಗೆ ಆವಿ ಬಂದ್ರೆ ಚಿಂತೆ ಇಲ್ಲ. ಬುಸುಬುಸು ಅಂತ ಹೊಗೆ ತಳ್ಳಿದ್ರೆ ರಿಂಗ್, ಪಿಸ್ಟನ್ ಸವೆದಿವೆ, ಇಂಜಿನ್ ಬಿಚ್ಚೋ ಕೆಲಸ ಕಾದಿದೆ. ಸೈಲೆನ್ಸರ್‌ನಲ್ಲಿ ನೀಲಿ ಹೊಗೆ ಅಂದ್ರೆ ಆಯಿಲ್ ಉರೀತಿದೆ. ಕಪ್ಪು ಹೊಗೆ ಇಂಜೆಕ್ಟರ್ ಅಥವಾ ಏರ್ ಫಿಲ್ಟರ್, ಅದು ಸಣ್ಣ ಖರ್ಚು. ಕಾದ ಮೇಲೂ ಬಿಳಿ ಹೊಗೆ ನಿಲ್ಲದೆ, ಕೂಲಂಟ್ ಡಬ್ಬಿಯಲ್ಲಿ ಜಿಡ್ಡು ತೇಲ್ತಿದ್ರೆ ಹೆಡ್ ಗ್ಯಾಸ್ಕೆಟ್ ಹೋಗಿದೆ, ವಾಪಸ್ ಬನ್ನಿ.

ಮುಂದಿನ ಚಕ್ರ ಜಾಕಿ ಹಾಕಿ ಎತ್ತಿಸಿ. ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಅಲ್ಲಾಡಿಸಿ. ಆಟ ಇದ್ರೆ ಒಬ್ಬರಿಗೆ ಬ್ರೇಕ್ ತುಳಿದು ಹಿಡಿಯೋಕೆ ಹೇಳಿ ಮತ್ತೆ ಅಲ್ಲಾಡಿಸಿ. ಬ್ರೇಕ್ ಹಿಡಿದಾಗ ಆಟ ನಿಂತ್ರೆ ವೀಲ್ ಬೇರಿಂಗು, ಆಗಲೂ ಆಡಿದ್ರೆ ಕಿಂಗ್‌ಪಿನ್ (ಸ್ಟೀರಿಂಗ್ ತಿರುಗಿಸಿದಾಗ ಮುಂಚಕ್ರ ತಿರುಗೋ ಪಿನ್). ಇದನ್ನ ಮಾರೋರ ಎದುರಿಗೇ ಮಾಡಿ, ಚೌಕಾಶಿಗೆ ಅನುಕೂಲ ಆಗುತ್ತೆ. ಓಡಿಸೋವಾಗ ಇಳಿಜಾರಲ್ಲಿ ಎರಡನೇ ಗೇರಲ್ಲಿ ಆಕ್ಸಿಲರೇಟರ್ ಬಿಡಿ. ಗೇರ್ ತಾನಾಗೇ ಹಾರಿದ್ರೆ ಗೇರ್‌ಬಾಕ್ಸ್ ಬಿಚ್ಚಬೇಕು. ಹಿಂದಿನ ಸ್ಪ್ರಿಂಗ್ ಪ್ಲೇಟ್ ಎಣಿಸಿ. ಕಂಪನಿದಕ್ಕಿಂತ ಜಾಸ್ತಿ ಇದ್ರೆ ಆ ಗಾಡಿ ಜೀವನವಿಡೀ ಓವರ್‌ಲೋಡ್ ಹೊತ್ತಿದೆ. ಮೀನು ಸಾಗಿಸಿದ ಗಾಡಿ ಆದ್ರೆ ಡೆಕ್ ಕೆಳಗೆ ಮಲಗಿ ಸ್ಕ್ರೂಡ್ರೈವರ್‌ನಿಂದ ಚಾಸಿ ಕುಟ್ಟಿ ನೋಡಿ. ಉಪ್ಪುನೀರು ಒಳಗಿಂದ ತಿಂದಿರುತ್ತೆ, ಮೇಲೆ ಹೊಸ ಪೇಂಟ್ ಹೊಳೀತಿರುತ್ತೆ.

ಟ್ರೈಲರ್ ಬರೀ ಕಬ್ಬಿಣ, ಅದರಲ್ಲೇನು ನೋಡೋದು ಅನ್ಕೋಬೇಡಿ. ಟೇಪ್ ತಗೊಂಡು ಹೋಗಿ. ಮುಂದಿನ ಹುಕ್ ತೂತಿನ ಮಧ್ಯದಿಂದ ಆಕ್ಸಲ್‌ನ ಎಡ ತುದಿಗೆ ಒಂದು ಅಳತೆ, ಬಲ ತುದಿಗೆ ಒಂದು ಅಳತೆ. ಎರಡಕ್ಕೂ ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ವ್ಯತ್ಯಾಸ ಬಂದ್ರೆ ಟ್ರೈಲರ್ ಓರೆಯಾಗಿ ಓಡುತ್ತೆ, ಟಯರ್ ತಿನ್ನುತ್ತೆ. ಹುಕ್ಕಿನ ತೂತು ಮೊಟ್ಟೆ ಆಕಾರಕ್ಕೆ ಸವೆದಿದ್ರೆ ಹೊಸ ಐ (ಹುಕ್ಕಿನ ಬಳೆ) ಹಾಕಿಸಲೇಬೇಕು. ಟಿಪ್ಪಿಂಗ್ ಪಿನ್ ಹತ್ತಿರ, ಡ್ರಾಬಾರ್ (ಟ್ರ್ಯಾಕ್ಟರ್‌ಗೆ ಸಿಕ್ಕಿಸೋ ಮುಂದಿನ ಕಂಬಿ) ಚಾಸಿಗೆ ಸೇರೋ ಕಡೆ, ವೆಲ್ಡಿಂಗ್ ಮೇಲೆ ವೆಲ್ಡಿಂಗ್ ಇದ್ರೆ ಅಲ್ಲೇ ಮತ್ತೆ ಸೀಳುತ್ತೆ. ಹಬ್‌ನಲ್ಲಿ ಆಟ ಇದ್ರೆ ಬೇರಿಂಗ್ ತೊಳೆದು ಗ್ರೀಸ್ ತುಂಬಿ, ಚಕ್ರ ತಿರುಗಿಸ್ತಾ ನಟ್ ಬಿಗಿ ಮಾಡಿ, ಬಿಗಿ ಹತ್ತಿದ ಮೇಲೆ ನಟ್‌ನ ಒಂದು ಸೀಳಿನಷ್ಟು ಹಿಂದಕ್ಕೆ ಬಿಟ್ಟು ಹೊಸ ಸ್ಪ್ಲಿಟ್ ಪಿನ್ ಹಾಕಿ. ಹಳೇ ಪಿನ್ ಮಾತ್ರ ಬೇಡ.

ಟಿಪ್ಪಿಂಗ್ ಜಾಕಿಗೆ ಆಯಿಲ್ ಹೋಗೋದು ನಿಮ್ಮ ಟ್ರ್ಯಾಕ್ಟರ್‌ನಿಂದಲೇ. ಟ್ರೈಲರ್‌ನ ಹಳೇ ಆಯಿಲ್‌ನಲ್ಲಿ ನೀರು ಸೇರಿ ಮಜ್ಜಿಗೆ ಬಣ್ಣ ಆಗಿದ್ರೆ ಅದೆಲ್ಲ ನಿಮ್ಮ ಹೈಡ್ರಾಲಿಕ್ಸ್‌ಗೆ ಬರುತ್ತೆ. ಪೈಪ್ ಸಿಕ್ಕಿಸೋಕೆ ಮುಂಚೆ ಜಾಕಿ ಖಾಲಿ ಮಾಡಿಸಿ, ಕಪ್ಲರ್ ಒರೆಸಿ. ತೊಟ್ಟಿ ಎತ್ತಿ, ಇಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಡಿ. ಇಳೀತಾ ಬಂದ್ರೆ ಜಾಕಿ ಸೀಲ್ ಅಥವಾ ವಾಲ್ವ್. ಎತ್ತಿದ ತೊಟ್ಟಿ ಕೆಳಗೆ ಊರುಗೋಲು ಕೊಡದೆ ಯಾರೂ ತಲೆ ಹಾಕಬಾರದು, ದಯವಿಟ್ಟು.

ಎರಡು ಚಕ್ರದ ಟ್ರೈಲರ್‌ಗೆ ಲೋಡ್ ಹಾಕೋವಾಗ ಭಾರ ಸ್ವಲ್ಪ ಮುಂದಕ್ಕಿರಲಿ. ಹಿಂದಕ್ಕೆ ಜಾಸ್ತಿ ಆದ್ರೆ ಅದು ಟ್ರ್ಯಾಕ್ಟರ್‌ನ ಹಿಂಭಾಗ ಎತ್ತುತ್ತೆ, ಹಿಡಿತ ಹೋಗುತ್ತೆ. ಅತಿಯಾಗಿ ಮುಂದಕ್ಕಾದ್ರೆ ದಿಬ್ಬದಲ್ಲಿ ಮುಂಚಕ್ರ ಏಳುತ್ತೆ. ಬಹುತೇಕ ಟ್ರೈಲರ್‌ಗೆ ಬ್ರೇಕ್ ಇರಲ್ಲ, ಇಳಿಜಾರಲ್ಲಿ ಅಷ್ಟೂ ಭಾರ ಟ್ರ್ಯಾಕ್ಟರ್‌ನ ಬೆನ್ನಿಗೆ ತಳ್ಳುತ್ತೆ. ರೋಡಿಗಿಳಿಯೋ ಮುಂಚೆ ಎರಡು ಬ್ರೇಕ್ ಪೆಡಲ್‌ಗೂ ಲಾಚ್ ಹಾಕಿ. ಒಂದೇ ಚಕ್ರಕ್ಕೆ ಬ್ರೇಕ್ ಹಿಡಿದ್ರೆ ಟ್ರೈಲರ್ ಅಡ್ಡ ತಿರುಗಿ ಮಗುಚುತ್ತೆ. ದಿಬ್ಬ ಹತ್ತೋ ಗೇರಲ್ಲೇ ಇಳೀರಿ, ಕ್ಲಚ್ ತುಳೀಬೇಡಿ, ನ್ಯೂಟ್ರಲ್ ಬೇಡವೇ ಬೇಡ.

ಶಿಂಷಾ ದಂಡೆ

ತುಂಬಾ ಉಪಕಾರ ಆಯ್ತು. ಗೂಡಿಗೆ ಪಕ್ಕದೂರಿನ ಏಸ್‌ನವರು ಬೆಳಗಿನ ಜಾವ ಬರೋಕೆ ಒಪ್ಪಿದಾರೆ, ಹಾಗಾಗಿ ಟ್ರೈಲರ್ ಕಡೆ ಮನಸ್ಸು ವಾಲ್ತಿದೆ. ಒಂದೇ ತೊಡಕು. ಆ ಟ್ರೈಲರ್‌ಗೆ ಆರ್‌ಸಿ ಇಲ್ಲ, ವೆಲ್ಡಿಂಗ್ ಶಾಪಲ್ಲಿ ಮಾಡಿಸಿದ್ದು ಅಂತಾರೆ. ಅದಕ್ಕೇ ರೇಟೂ ಕಮ್ಮಿ. ನಡೆಯುತ್ತಾ?

ಲೋಡ್ ಲೆಕ್ಕ

ಬೇಡ ಸರ್. ಟ್ರೈಲರ್‌ಗೆ ಅದರದೇ ನಂಬರ್, ಅದರದೇ ಆರ್‌ಸಿ ಇರಬೇಕು, ಟ್ರ್ಯಾಕ್ಟರ್ ಪಾಲಿಸಿಯಲ್ಲಿ ಟ್ರೈಲರ್ ಹೆಸರೂ ಸೇರಿರಬೇಕು. ಇಲ್ಲದಿದ್ರೆ ಅಪಘಾತ ಆದಾಗ ಇನ್ಶೂರೆನ್ಸ್‌ನೋರು ಕೈ ಎತ್ತಿದ್ರೆ ಪರಿಹಾರ ನಿಮ್ಮ ಜಮೀನಿನ ಮೇಲೆ ಬರುತ್ತೆ. ಕೃಷಿಗೆ ಅಂತ ಪಾಲಿಸಿ ಮಾಡಿಸಿ ಇಟ್ಟಿಗೆ, ಮರಳು ಬಾಡಿಗೆಗೆ ಹೊಡೆದ್ರೂ ಅದೇ ಗತಿ. ಕಾಯಿ ಮೇಲೆ ಆಳುಗಳನ್ನ ಕೂರಿಸಿ ಕರ್ಕೊಂಡು ಹೋಗೋದೂ ಬೇಡ, ಅವರಿಗೆ ಆ ಪಾಲಿಸಿ ಅನ್ವಯಿಸಲ್ಲ.

ಆರ್‌ಸಿ ಇರೋ ಟ್ರೈಲರ್ ಹುಡುಕಿ. ನಂಬರನ್ನ ಎಂಪರಿವಾಹನ್ ಆಪ್‌ನಲ್ಲಿ ಹಾಕಿ, ಸಾಲದ ನಮೂದು ಇದೆಯಾ ನೋಡಿ. ಇದ್ರೆ ಬ್ಯಾಂಕಿಂದ ಎನ್‌ಒಸಿ, ಫಾರಂ 35 ಕೈಗೆ ಬರೋವರೆಗೂ ಅಡ್ವಾನ್ಸ್ ಬಿಟ್ಟು ಬೇರೆ ದುಡ್ಡು ಕೊಡಬೇಡಿ. ವರ್ಗಾವಣೆಗೆ ಫಾರಂ 29 ಮತ್ತು 30, ಎರಡಕ್ಕೂ ಮಾರೋರ ಸಹಿ. ಚಾಸಿ ನಂಬರ್ ಮೇಲೆ ಕಾಗದ ಇಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತಗೊಳ್ಳಿ, ಆರ್‌ಸಿ ಜೊತೆ ಒಂದೊಂದು ಅಂಕಿನೂ ತಾಳೆ ನೋಡಿ.

ಹಸಿರು ಸೊಪ್ಪು

ಹಿಂದಿನ ದೀಪದ ವೈರಿಂಗೂ ನೋಡಿ ಅಣ್ಣಾ. ಮಾರ್ಕೆಟ್ ಮುಗಿಸಿ ಬರೋಷ್ಟರಲ್ಲಿ ಕತ್ತಲಾಗಿರುತ್ತೆ. 7 ಪಿನ್ ಸಾಕೆಟ್ ಹಾಕಿಸಿ ಬ್ರೇಕ್ ಲೈಟು, ಇಂಡಿಕೇಟರ್ ಉರಿಯೋ ಹಾಗೆ ಮಾಡಿಸಿ. ಹಿಂದೆ ಅಗಲಕ್ಕೂ ಕೆಂಪು ರಿಫ್ಲೆಕ್ಟರ್ ಟೇಪು, ಪಕ್ಕಕ್ಕೆ ಹಳದಿ. ಟೇಪು ಅಂಟಿಸೋ ಮುಂಚೆ ಆ ಜಾಗದ ಮಣ್ಣು, ಜಿಡ್ಡು ಥಿನ್ನರ್ ಹಾಕಿ ಒರೆಸಿ, ಇಲ್ಲಾಂದ್ರೆ ಮೊದಲ ಮಳೆಗೇ ಕಿತ್ಕೊಂಡು ಬರುತ್ತೆ.