ಅಪ್‌ಡೇಟ್: ಅಜ್ಜಿಯ ಡಬ್ಬಿಯ 'ಎಲ್' ರೂಪಾಯಿ

ಅಜ್ಜಿಯ ಡಬ್ಬಿಯಲ್ಲಿ ಸಿಕ್ಕ, ಬ್ರಿಟಿಷ್ ರಾಜ ಆರನೇ ಜಾರ್ಜ್ ಮುಖವಿರುವ ನಾಲ್ಕು ರೂಪಾಯಿ ನಾಣ್ಯಗಳ ಮೇಲೆ ಪುಟ್ಟ 'ಎಲ್' (L) ಅಕ್ಷರ ಇದೆ, ಏನಿದು ಎಂದು ಇಲ್ಲಿ ಕೇಳಿದ್ದೆನಲ್ಲ, ಉತ್ತರ ಸಿಕ್ಕಿತು. ಅದು ಲಾಹೋರ್ ಟಂಕಸಾಲೆಯ ಗುರುತು! ಯುದ್ಧಕಾಲದಲ್ಲಿ ಕಲ್ಕತ್ತಾ, ಬಾಂಬೆ ಸಾಲದೆ ಅಲ್ಲೂ ನಾಣ್ಯ ಒತ್ತಿದ್ದರಂತೆ. ಇಸವಿ ಇರುವ ಬದಿಯಲ್ಲಿ, ಕೆಳಗಿನ ಹೂವಿನ ಅಡಿ ಲೆನ್ಸ್ ಹಿಡಿದರೆ ಸ್ಪಷ್ಟವಾಗಿ ಕಾಣುತ್ತದೆ.

ಶುದ್ಧ ಬೆಳ್ಳಿ ಅಂದುಕೊಂಡಿದ್ದೆ, ಅಲ್ಲ. 1940ರಿಂದ 1945ರವರೆಗಿನ ರೂಪಾಯಿಯಲ್ಲಿ ಬೆಳ್ಳಿ ಅರ್ಧ ಮಾತ್ರ. ತೂಕ 11.66 ಗ್ರಾಂ, ಅಂದ್ರೆ ಬೆಳ್ಳಿ 5.83 ಗ್ರಾಂ. ಅಂಗಡಿಯವರು ಕರಗಿಸುವ ಬೆಳ್ಳಿಯ ರೇಟನ್ನೇ ಹೇಳಿದರು, ನಾನು ಕೊಡಲಿಲ್ಲ.

ಒಂದು ತಪ್ಪು ಮಾತ್ರ ಆಯ್ತು. ನಾಣ್ಯ ಉಜ್ಜಬೇಡಿ ಎಂಬ ನಿಮ್ಮ ಉತ್ತರ ಬರುವ ಮೊದಲೇ 1945ರದ್ದನ್ನು ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟಿದ್ದೆ. ಫಳಫಳ ಹೊಳೆಯುತ್ತಿದೆ, ರಾಜನ ಕೆನ್ನೆ ತುಂಬ ಗೀರು. ಉಳಿದ ಮೂರು ಕಪ್ಪಾಗಿಯೇ ಇರಲಿ.