ಮಹದೇವಪೇಟೆ ಅಂಗಡಿ: ಬಟ್ಟೆಯೇ ಇರಲಾ, ಮಸಾಲೆಗೆ ಬದಲಾಯಿಸಲಾ?

ಪೇಟೆ ಹುಡುಗ:
ಮಡಿಕೇರಿ ಮಹದೇವಪೇಟೆಯಲ್ಲಿ ನಮ್ಮದೊಂದು ಬಟ್ಟೆ ಅಂಗಡಿ ಇದೆ. ಅಪ್ಪ ಶುರು ಮಾಡಿದ್ದು, ಈಗ ನಾನು ಕೂರುತ್ತೇನೆ. ಶುಕ್ರವಾರ ಸಂತೆ ದಿನ ಬಿಟ್ಟರೆ ಹನ್ನೊಂದು ಗಂಟೆಯಾದರೂ ಬೋಣಿ ಆಗುವುದಿಲ್ಲ. ಶನಿವಾರ, ಭಾನುವಾರ ಊರ ತುಂಬ ಕಾರು, ಆದರೆ ಅವೆಲ್ಲ ರಾಜಾಸೀಟಿಗೆ ಹೋಗುತ್ತವೆ, ಅಬ್ಬಿ ಜಲಪಾತಕ್ಕೆ ಹೋಗುತ್ತವೆ, ನಮಗೆ ಸಿಗುವುದು ಹಾರ್ನ್ ಶಬ್ದ ಅಷ್ಟೇ. ಪಕ್ಕದ ಪಾತ್ರೆ ಅಂಗಡಿಯವರು ಪಾತ್ರೆ ತೆಗೆದು ಜೇನು, ಏಲಕ್ಕಿ, ಚಾಕೊಲೇಟ್ ಇಟ್ಟಿದ್ದಾರೆ. ನೀನೂ ಅದನ್ನೇ ಮಾಡು ಅಂತ ಎಲ್ಲರೂ ಹೇಳುತ್ತಾರೆ. ಮಾಡಲಾ? ಅಥವಾ ಪೇಟೆಗೇ ಮತ್ತೆ ಜನ ಬರುವ ಹಾಗೆ ಏನಾದರೂ ದಾರಿ ಇದೆಯಾ?

ಮೂರ್ನಾಡಿನವಳು:
ಗಿರಾಕಿ ಕಡೆಯಿಂದ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಖಾಸಗಿ ಬಸ್ ನಿಲ್ದಾಣ ಹಳೇ ಜಾಗದಲ್ಲಿದ್ದಾಗ ಇಳಿದು ನಡೆದರೆ ಪೇಟೆ. ಈಗ ಹಾಗಿಲ್ಲ, ಚೀಲ ಹೊತ್ತುಕೊಂಡು ಆಟೋ ಹಿಡಿಯಬೇಕು. ಕಾರಲ್ಲಿ ಬಂದರೆ ನಿಲ್ಲಿಸಲು ಜಾಗ ಇಲ್ಲ. ಯಾಕೆ ಇಲ್ಲ ಗೊತ್ತಾ? ಅಂಗಡಿಯವರ ಸ್ಕೂಟರ್, ಕಾರುಗಳೇ ಬೆಳಗ್ಗೆಯಿಂದ ಸಂಜೆವರೆಗೆ ಅಂಗಡಿ ಮುಂದೆ ನಿಂತಿರುತ್ತವೆ! ಅದಕ್ಕೇ ನಾವು ವಿರಾಜಪೇಟೆಗೆ ಹೋಗುವುದು ಜಾಸ್ತಿ ಆಗಿದೆ. ಮಸಾಲೆ ಅಂಗಡಿ ಮಾಡಿದರೆ ಇನ್ನೂ ಬರುವುದಿಲ್ಲ, ಕರಿಮೆಣಸು ನಮ್ಮ ತೋಟದಲ್ಲೇ ಇದೆ ಅಲ್ವಾ.

ಮಾಜಿ ಹವಾಲ್ದಾರ್:
ಸರ್ವಿಸ್‌ನಲ್ಲಿದ್ದಾಗ ಸಿಕ್ಕಿಂನಲ್ಲಿ ಇದ್ದೆ. ಗ್ಯಾಂಗ್‌ಟಾಕ್‌ನ ಎಂ.ಜಿ. ಮಾರ್ಗ್ ಅಲ್ಲಿನ ಮುಖ್ಯ ಪೇಟೆ. ಅಲ್ಲಿ ಗಾಡಿ ಬಿಡುವುದಿಲ್ಲ. ನಡುವೆ ಬೆಂಚು, ಹೂಗಿಡ, ಎರಡೂ ಕಡೆ ಅಂಗಡಿ, ಸಂಜೆಯಾದರೆ ಊರಿಗೆ ಊರೇ ಅಲ್ಲಿ. ಶಿಮ್ಲಾದ ಮಾಲ್ ರೋಡ್ ಕೂಡ ನಡೆಯುವವರದ್ದೇ. ಬೆಂಗಳೂರಿನ ಚರ್ಚ್ ಸ್ಟ್ರೀಟ್‌ನಲ್ಲೂ 2020ರ ನವೆಂಬರ್‌ನಿಂದ ಕೆಲವು ತಿಂಗಳು ವಾರಾಂತ್ಯಕ್ಕೆ ಗಾಡಿ ಓಡಾಟ ನಿಲ್ಲಿಸಿ ನೋಡಿದರು. ಗಾಡಿ ಓಡಾಟ ನಿಂತರೆ ವ್ಯಾಪಾರ ನಿಲ್ಲುತ್ತದೆ ಅನ್ನುವುದು ಸುಮ್ನೆ ಭಯ. ದಸರಾದ ರಾತ್ರಿ ದಶಮಂಟಪಗಳ ಮೆರವಣಿಗೆ ಹೊರಟಾಗ ನಮ್ಮ ಮಡಿಕೇರಿಯವರೇ ರಸ್ತೆ ತುಂಬ ನಡೆಯುವುದಿಲ್ಲವಾ? ಭಾನುವಾರ ಸಂಜೆ ಮೂರು ತಾಸು ಮಾಡಿ ನೋಡಿ.

ಚೌಕಿ ಚಹಾ:
ಹವಾಲ್ದಾರ್ ಸಾರ್, ಮಾತು ಚೆನ್ನಾಗಿದೆ, ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಮಳೆಯಲ್ಲಿ ಬೆಂಚಿನ ಮೇಲೆ ಯಾರು ಕೂರುತ್ತಾರೆ? ಚರ್ಚ್ ಸ್ಟ್ರೀಟ್ ಪಕ್ಕದಲ್ಲೇ ಮೆಟ್ರೋ ಇದೆ, ನಮಗೇನಿದೆ? ಮೊದಲು ಅಂಗಡಿ ಮುಂದೆ ಸಾಲಾಗಿ ಒಂದೇ ಎತ್ತರಕ್ಕೆ ಮಳೆಗೆ ಸೂರು ಇಳಿಸಿ, ಒದ್ದೆಯಾಗದೆ ಹತ್ತು ಅಂಗಡಿ ದಾಟುವ ಹಾಗಿರಲಿ. ಚರಂಡಿ ಚಪ್ಪಡಿ ಮೇಲೆ ಇಟ್ಟಿರುವ ಸಾಮಾನು ಒಳಗೆ ಎಳೆದುಕೊಳ್ಳಿ. ಇದಕ್ಕೆ ದೊಡ್ಡ ಯೋಜನೆ ಬೇಡ, ಅಂಗಡಿಯವರು ಒಪ್ಪಿದರೆ ಸಾಕು. (ಒಪ್ಪುವುದೇ ಕಷ್ಟ, ಗೊತ್ತು.)

ಇನ್ನೊಂದು. ಬೀದಿ ವ್ಯಾಪಾರಿಗಳನ್ನು ಓಡಿಸಿದರೆ ಪೇಟೆ ಉದ್ಧಾರ ಆಗುತ್ತದೆ ಅಂತ ಈಗ ಯಾರಾದರೂ ಬರೆಯುತ್ತಾರೆ, ಅದಕ್ಕೆ ಮೊದಲೇ ಹೇಳುತ್ತೇನೆ. 2014ರ ಕಾಯ್ದೆ ಪ್ರಕಾರ ಸರ್ವೆ ಮಾಡಿ, ಪಟ್ಟಣ ವ್ಯಾಪಾರ ಸಮಿತಿ ಮೂಲಕ ಜಾಗ ಗೊತ್ತು ಮಾಡಬೇಕು, ಸುಮ್ನೆ ಎಬ್ಬಿಸುವ ಹಾಗಿಲ್ಲ. ಅಲ್ಲದೆ ನಿಮಗೆ ಬೋಣಿ ಆಗುವುದೇ ಸಂತೆ ದಿನ ಅಂತ ನೀವೇ ಬರೆದಿದ್ದೀರಿ. ಸೋಮವಾರಪೇಟೆ, ಶನಿವಾರಸಂತೆ ಅಂತ ಊರಿಗೇ ವಾರದ ಹೆಸರಿಟ್ಟ ಜಿಲ್ಲೆ ನಮ್ಮದು. ಸೊಪ್ಪು ಮಾರುವವರು ಜನರನ್ನು ಕರೆತರುತ್ತಾರೆ, ಅದೇ ಜನ ನಿಮ್ಮಲ್ಲಿ ಟವೆಲ್ ಕೊಳ್ಳುತ್ತಾರೆ.

ಮಸಾಲೆ ಬಗ್ಗೆ: 2018ರ ಆಗಸ್ಟ್ ನೆನಪಿಸಿಕೊಳ್ಳಿ. ಗುಡ್ಡ ಕುಸಿದ ಮೇಲೆ ಪ್ರವಾಸಿಗರು ಬರಬೇಡಿ ಅಂದರು. ಆಮೇಲೆ 2020ರ ಲಾಕ್‌ಡೌನ್. ಎರಡು ಸಲವೂ ಪ್ರವಾಸಿಗರನ್ನೇ ನಂಬಿದವರು ನೊಣ ಹೊಡೆದರು. ಜೊತೆಗೆ ಹೆದ್ದಾರಿ ಬದಿಯ ಅಂಗಡಿಗಳು ಡ್ರೈವರ್‌ಗೆ ಕಮಿಷನ್ ಕೊಟ್ಟು ಗಾಡಿ ನಿಲ್ಲಿಸಿಕೊಳ್ಳುತ್ತವೆ. ನೀವು ಕೊಡ್ತೀರಾ?

ದರ್ಜಿ ಮಗಳು:
ತಮ್ಮಾ, ರೆಡಿಮೇಡ್ ಶರ್ಟಿನಲ್ಲಿ ಆನ್‌ಲೈನ್ ಜೊತೆ ಗೆಲ್ಲಲು ಆಗುವುದಿಲ್ಲ. ನಮ್ಮದು ವಿರಾಜಪೇಟೆ. ಅಪ್ಪ ಕುಪ್ಯ, ಅಂದರೆ ಕೊಡವ ಗಂಡಸರು ತೊಡುವ ಉದ್ದ ಕೋಟು, ಹೊಲಿಯುತ್ತಾರೆ. ಮದುವೆ ಗಂಡು ಬೆಂಗಳೂರಿನಲ್ಲಿದ್ದರೂ ಅಳತೆಗೆ ಒಮ್ಮೆ, ಹಾಕಿ ನೋಡಲು ಒಮ್ಮೆ, ಒಯ್ಯಲು ಒಮ್ಮೆ ಬರಲೇಬೇಕು. ಬಂದಾಗಲೆಲ್ಲ ಜೊತೆಗೆ ನಾಲ್ಕು ಜನ, ಪಕ್ಕದ ಹೋಟೆಲಿಗೂ ವ್ಯಾಪಾರ. ಕುಪ್ಯದ ಮೇಲೆ ಸೊಂಟಕ್ಕೆ ಕಟ್ಟುವ ಚೇಲೆಯ ರೇಷ್ಮೆಯೂ ನಮ್ಮಲ್ಲೇ ತಗೊಳ್ಳುತ್ತಾರೆ. ಇನ್ನು ಕಾಫಿ ಕೊಯ್ಲಿನ ಸಮಯದಲ್ಲಿ ಬಟವಾಡೆ ಆದ ಮರುದಿನ ತೋಟದ ಲೈನ್‌ಮನೆಯ ಕೆಲಸಗಾರರು ಪೇಟೆಗೆ ಬರುತ್ತಾರೆ. ಅವತ್ತು ಭಾನುವಾರ ಅಂತ ನೀವು ಮಧ್ಯಾಹ್ನವೇ ಬಾಗಿಲು ಎಳೆದರೆ ಯಾರ ತಪ್ಪು?

ಪೇಟೆ ಹುಡುಗ:
ಮೂರ್ನಾಡಿನವರೇ, ನನ್ನ ಸ್ಕೂಟರೂ ಅಂಗಡಿ ಮುಂದೆಯೇ ಇದೆ, ಓದಿ ನಾಚಿಕೆ ಆಯಿತು. ನಾಳೆಯಿಂದ ಮನೆಯಿಂದ ನಡೆದೇ ಬರುತ್ತೇನೆ. ಅಕ್ಕ, ಭಾನುವಾರ ಬಾಗಿಲು ಹಾಕುವುದು ನಿಜ, ಕ್ರಿಕೆಟ್! ಹಿಂದಿನ ಗೋದಾಮಿನಲ್ಲಿ ಒಂದು ಹೊಲಿಗೆ ಮೆಷಿನ್ ಹಾಕುವಷ್ಟು ಜಾಗ ಇದೆ. ಕುಪ್ಯ ಹೊಲಿಯಲು ಬರುವವರು ಮಡಿಕೇರಿ ಕಡೆ ಯಾರಾದರೂ ಇದ್ದಾರಾ, ಅಪ್ಪನನ್ನು ಒಮ್ಮೆ ಕೇಳಿ ಹೇಳುತ್ತೀರಾ?