‘ಕೊಲೋನಿಯಾ’, ‘ಕೊಲೋನೊ’: ಕನ್ನಡದಲ್ಲಿ ಏನನ್ನೋಣ?

ನಮಸ್ಕಾರ. ಅರ್ಜೆಂಟೀನಾದ ಸಾಂತಾ ಫೆ ಪ್ರಾಂತ್ಯದ ಮೊಯ್ಸೆಸ್ ವಿಲ್ ಅನ್ನೋ ಪುಟ್ಟ ಊರಿನ ಬಗ್ಗೆ ಬರೀತಿದ್ದೇನೆ. ಎರಡು ಪದಗಳ ಹತ್ತಿರ ಬಂದು ಕೈ ನಿಂತಿದೆ.

ಸಂದರ್ಭ ಇಷ್ಟು. 1889ರ ಆಗಸ್ಟ್‌ನಲ್ಲಿ ರಷ್ಯಾ ಸಾಮ್ರಾಜ್ಯದ ಪೊದೋಲಿಯಾ ಕಡೆಯ ಎಂಟುನೂರಕ್ಕೂ ಜಾಸ್ತಿ ಯಹೂದಿಗಳು ವೆಸರ್ ಅನ್ನೋ ಹಡಗಿನಲ್ಲಿ ಬ್ಯೂನಸ್ ಐರಿಸ್‌ಗೆ ಬಂದಿಳಿದರು. ಕೊಡ್ತೀವಿ ಅಂದಿದ್ದ ಜಮೀನು ಸಿಗಲಿಲ್ಲ. ಪೆದ್ರೊ ಪಲಾಸಿಯೊಸ್ ಅನ್ನೋ ಜಮೀನುದಾರನ ನೆಲಕ್ಕೆ ಹೋದರೆ ಅಲ್ಲೂ ಮನೆಯಿಲ್ಲ, ಮಠವಿಲ್ಲ, ರೈಲು ನಿಲ್ದಾಣದ ಹತ್ತಿರವೇ ದಿನ ದೂಡಬೇಕಾಯಿತು, ಕಾಯಿಲೆಗೆ ಹತ್ತಾರು ಮಕ್ಕಳು ಸತ್ತವು. ಆದರೂ ಅದೇ ವರ್ಷ ಊರು ಕಟ್ಟಿದರು. ಹೀಬ್ರೂನಲ್ಲಿ ಅದರ ಹೆಸರು ಕಿರ್ಯಾತ್ ಮೋಶೆ, ಅಂದರೆ ಪ್ರವಾದಿ ಮೋಶೆಯ ಊರು. ಇವರ ಪಾಡು ಕೇಳಿದ ಬ್ಯಾರನ್ ಹಿರ್ಷ್ ಅನ್ನೋ ಯುರೋಪಿನ ಯಹೂದಿ ಸಿರಿವಂತ 1891ರಲ್ಲಿ ಯಹೂದಿ ವಲಸಿಗರಿಗೆಂದೇ ಒಂದು ಸಂಸ್ಥೆ ಹುಟ್ಟುಹಾಕಿದ. ಅದು ಜಮೀನು ಕೊಡುತ್ತಿತ್ತು, ರೈತ ವರ್ಷವರ್ಷ ಕಂತು ಕಟ್ಟಿ ತೀರಿಸಬೇಕು.

ಇಂಥ ಊರಿಗೆ ಅಲ್ಲಿ ‘ಕೊಲೋನಿಯಾ’ ಅಂತಾರೆ, ಉಳುವವನಿಗೆ ‘ಕೊಲೋನೊ’. ನಿಘಂಟು ತೆಗೆದರೆ ‘ವಸಾಹತು’. ನಮಗೆ ವಸಾಹತು ಅಂದ ಕೂಡಲೇ ಬ್ರಿಟಿಷರು, ಕಂದಾಯ, ದೊರೆ. ಈ ಜನ ಯಾರನ್ನೂ ಆಳೋಕೆ ಬಂದವರಲ್ಲ, ಹೊಟ್ಟೆಪಾಡಿಗೆ, ಜೀವ ಉಳಿಸಿಕೊಳ್ಳೋಕೆ ಬಂದವರು. ‘ಕಾಲೊನಿ’ ಅಂದರೆ ಬಸ್‌ಸ್ಟಾಪಿನ ಪಕ್ಕದ ಬಡಾವಣೆ ಆಗಿಬಿಡುತ್ತೆ.

ನನಗೆ ಹತ್ತಿರ ಅನ್ನಿಸಿದ್ದು ‘ಕ್ಯಾಂಪ್’. ಸುಮ್ನೆ ಹೇಳ್ತಿಲ್ಲ. ಸಿಂಧನೂರು, ಗಂಗಾವತಿ ಕಡೆ ತುಂಗಭದ್ರಾ ಕಾಲುವೆ ಬಂದ ಮೇಲೆ ಆಂಧ್ರದಿಂದ ಬಂದು ಭತ್ತ ಬೆಳೆದವರ ಊರಿಗೆ ಇವತ್ತಿಗೂ ಕ್ಯಾಂಪ್ ಅಂತಲೇ ಹೆಸರು, ಅಲ್ವಾ? ಗುಡಾರ ಹೋಗಿ ಮಹಡಿ ಮನೆ ಬಂದರೂ ಹೆಸರು ಹೋಗಿಲ್ಲ. ಆದರೆ ಯಹೂದಿಗಳ ವಿಷಯದಲ್ಲಿ ಆ ಪದ ಬರೆಯೋಕೆ ಕೈ ಬರೋದಿಲ್ಲ. ಓದುವವರ ಮನಸ್ಸು ನೇರ ಹಿಟ್ಲರನ ಕ್ಯಾಂಪುಗಳಿಗೇ ಹೋಗುತ್ತೆ.

‘ಕೊಲೋನೊ’ ಇನ್ನೂ ಪೇಚು. ಅರ್ಥ ನೋಡಿದರೆ ‘ಒಕ್ಕಲಿಗ’ ಸರಿಯಾಗಿ ಕೂರುತ್ತೆ. ಆದರೆ ‘ಯಹೂದಿ ಒಕ್ಕಲಿಗರು’ ಅಂತ ಬರೆದರೆ ಮಂಡ್ಯದವರು ನಗ್ತಾರೆ, ಅದೀಗ ಜಾತಿಯ ಹೆಸರು. ‘ರೈತ’ ಅಂದರೆ ಬೇರೆ ಕಡೆಯಿಂದ ಬಂದವನು ಅನ್ನೋದು ಬಿಟ್ಟುಹೋಗುತ್ತೆ. ಸದ್ಯಕ್ಕೆ ‘ಹೊಸ ಒಕ್ಕಲು’ ಅಂತ ಬರೆದಿಟ್ಟಿದ್ದೇನೆ, ಕರಾರಿನ ಮೇಲೆ ನೆಲ ಹಿಡಿದವರು ಅನ್ನೋ ವಾಸನೆಯೂ ಅದರಲ್ಲಿದೆ. ಊರಿಗೆ ಮಾತ್ರ ಏನೂ ಹೊಳೆದಿಲ್ಲ.

ರಾಯಚೂರು, ಕೊಪ್ಪಳ ಕಡೆಯವರು ಯಾರಾದರೂ ಇದ್ದರೆ ತಿಳಿಸಿ: ಕ್ಯಾಂಪ್ ಅಲ್ಲದೆ ಇಂಥ ಊರಿಗೆ ಹಳಬರು ಬೇರೆ ಏನಾದರೂ ಅಂತಿದ್ರಾ?